ದುಂಡಕ್ಷರದ ಮೇಷ್ಟ್ರು

ನಮ್ಮ ಶಾಲೆಯ ಎರಡನೇ ತರಗತಿಯನ್ನು ಹತ್ತೊಂಬತ್ತು ವರ್ಷ ಒಬ್ಬರೇ ಮೇಷ್ಟ್ರು ನಡೆಸಿದರು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಊರಿನವರ ಬಾಯಲ್ಲಿ ಅವರು ದುಂಡಕ್ಷರದ ಮೇಷ್ಟ್ರು. ನಾನು ಪಕ್ಕದ ಕೋಣೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಅವರು ತಿದ್ದಿ ತೀಡಿ ಕಳಿಸಿದ ಮಕ್ಕಳು ಮರುವರ್ಷ ನನ್ನ ಪಾಲಿಗೆ ಬರುತ್ತಿದ್ದರು.

ಅವರ ಅಕ್ಷರ ಚೆನ್ನಾಗಿತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೇಳುವ ಯಾವುದೂ ಹೊಟ್ಟೆಕಿಚ್ಚಿನ ಮಾತು ಅನ್ನಿಸಬಾರದು. ಕಪ್ಪು ಹಲಗೆಯ ಮೇಲೆ ಅವರು ಬರೆದರೆ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅವರಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಮಗ ಏಣಿಯ ಕೆಳಗೆ ನಿಂತು ಬಣ್ಣದ ಡಬ್ಬಿ ಹಿಡಿಯುತ್ತಾ ಅಕ್ಷರ ಕಲಿತಿದ್ದ. ಒಂದು ಕೊಂಬು ಓರೆಯಾದರೆ ಅಪ್ಪ ಬ್ರಶ್ಶಿನ ಹಿಡಿಯಿಂದ ಬೆರಳ ಗೆಣ್ಣಿಗೆ ಕುಟ್ಟಿ, ಆ ಅಕ್ಷರ ಅಳಿಸಿ ತಾವೇ ಬರೆಯುತ್ತಿದ್ದರಂತೆ. ಇದನ್ನು ಮೇಷ್ಟ್ರ ಹೆಂಡತಿ ಒಮ್ಮೆ ನನಗೆ ಹೇಳಿ ಕಣ್ಣು ಒರೆಸಿಕೊಂಡರು. ನನಗೂ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಪೆಟ್ಟು ತಿಂದವನು ಪೆಟ್ಟಿನ ನೋವು ಮರೆತು ಅಕ್ಷರವನ್ನಷ್ಟೇ ನೆನಪಿಟ್ಟುಕೊಂಡರೆ ಅಂಥವನಿಗಾಗಿ ಮರುಗುವುದು ಹೇಗೆ?

ಶಿಕ್ಷಕರ ತರಬೇತಿಯಲ್ಲಿ ಅವರು ಪಾಸಾದದ್ದು ಚಾರ್ಟುಗಳ ಬಲದಿಂದ. ಜೊತೆಯವರಿಗೆಲ್ಲ ಬರೆದುಕೊಟ್ಟರು, ಜೊತೆಯವರು ಅವರಿಗೆ ಪಾಠದ ಟಿಪ್ಪಣಿ ಬರೆದುಕೊಟ್ಟರು. ಹೀಗೆ ಪಾಠ ಮಾಡುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತು ಮೇಷ್ಟ್ರಾದರು.

ಅವರ ಕೋಣೆ ನೋಡಲು ಜನ ಬರುತ್ತಿದ್ದರು. ನಾಲ್ಕು ಗೋಡೆಗೂ ಚಾರ್ಟು. ಗಿಡದ ಭಾಗಗಳು, ಗಡಿಯಾರ, ಋತುಗಳು, ಕಾಗುಣಿತ, ಮಗ್ಗಿ, ಅಳತೆ ಮತ್ತು ತೂಕ, ನಮ್ಮ ಸಹಾಯಕರು. ಎಲ್ಲವೂ ದೊಡ್ಡವರ ಕಣ್ಣಿನ ಎತ್ತರಕ್ಕೆ. ಕೆಳಗೆ ಹಾಕಿದರೆ ಮಕ್ಕಳು ಮುಟ್ಟಿ ಕೊಳಕು ಮಾಡುತ್ತಾರೆ ಎಂಬುದು ಅವರ ವಾದ. ಏಳು ವರ್ಷದ ಮಗು ಕತ್ತೆತ್ತಿ ನೋಡಿದರೆ ಅದಕ್ಕೆ ಕಾಣುತ್ತಿದ್ದದ್ದು ಚಾರ್ಟಿನ ಕೆಳಗಿನ ಕೋಲು ಮತ್ತು ಅದರ ದಾರ. ಮೂಲೆಯಲ್ಲೊಂದು ಕಬ್ಬಿಣದ ಬೀರು. ಅದರೊಳಗೆ ಇಲಾಖೆಯಿಂದ ಬಂದ ಸಾಮಾನು: ತಕ್ಕಡಿ, ಅಡಿಪಟ್ಟಿಗಳು, ಜೇಡಿಮಣ್ಣು, ಬೀಜಗಳ ಪೊಟ್ಟಣ, ಬಣ್ಣದ ಮಣಿಗಳು, ಮುಳ್ಳು ತಿರುಗಿಸಬಹುದಾದ ಮರದ ಗಡಿಯಾರ. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಸಾಮಾನು ಕಳೆದರೆ ಉತ್ತರ ಕೊಡಬೇಕಾದವನು ತಾನು ಎನ್ನುತ್ತಿದ್ದರು. ಮಕ್ಕಳು ಕಲಿಯದಿದ್ದರೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ನಾನು ಆ ಶಾಲೆಗೆ ಬಂದ ಮೊದಲ ವರ್ಷ, ಮೂರನೇ ತರಗತಿಗೆ ಬಂದ ಮಕ್ಕಳ ಹಳೆಯ ನೋಟ್‌ಬುಕ್ ತರಿಸಿ ನೋಡಿದೆ. ಮೂವತ್ತಾರು ಪುಸ್ತಕ. ಒಂದೊಂದೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಒತ್ತಕ್ಷರ ಒಂದೂ ಜಾರಿರಲಿಲ್ಲ. ಕೂಡುವ ಲೆಕ್ಕಗಳು ಒಂದರ ಕೆಳಗೆ ಒಂದು ಸಿಪಾಯಿಗಳಂತೆ ನಿಂತಿದ್ದವು. ನನ್ನ ಅದೃಷ್ಟ ಚೆನ್ನಾಗಿದೆ ಅಂದುಕೊಂಡು ಆ ಮಧ್ಯಾಹ್ನವೇ ಉಕ್ತಲೇಖನ ಕೊಟ್ಟೆ. ಹತ್ತು ಸುಲಭದ ಪದ. ಮಕ್ಕಳು ಪೆನ್ಸಿಲ್ ಹಿಡಿದು ಕುಳಿತರು. ಕೆಲವರು ಮೊದಲ ಅಕ್ಷರ ಬರೆದು ನಿಂತರು. ಕೆಲವರು ಸುಂದರವಾಗಿ ದಿನಾಂಕ ಬರೆದು, ಅದರ ಕೆಳಗೆ ಗೆರೆ ಎಳೆದು, ಕೈಕಟ್ಟಿ ಕೂತರು. ಒಬ್ಬ ಹುಡುಗ ನನ್ನ ಹತ್ತಿರ ಪುಸ್ತಕ ತಂದು, ಉಳಿದದ್ದು ನೀವು ಬರೀಬೇಕಲ್ವಾ ಮಿಸ್, ಎಂದು ಬಹಳ ಸಹಜವಾಗಿ ಕೇಳಿದ.

ಆಗ ತಿಳಿಯಿತು. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಒಂದು ಗಂಟೆ ಕೂತು ಮಕ್ಕಳ ಬರವಣಿಗೆಯನ್ನು ರಬ್ಬರಿನಿಂದ ಒರೆಸಿ, ಅದೇ ಪೆನ್ಸಿಲಿನಿಂದ ತಾವೇ ಬರೆಯುತ್ತಿದ್ದರು. ಮಗುವಿನ ಕೈ ಇದ್ದ ಹಾಗೆ ಕಾಣಲಿ ಎಂದು ಅಕ್ಷರವನ್ನು ತುಸು ದಪ್ಪ ಮಾಡುತ್ತಿದ್ದರು. ಅಷ್ಟು ಕಾಳಜಿ ಅವರಿಗಿತ್ತು. ಚಿತ್ರಕಲೆಯ ಪುಸ್ತಕವೂ ಹಾಗೆಯೇ. ಮೂವತ್ತಾರು ಮಕ್ಕಳು, ಮೂವತ್ತಾರು ಮನೆ, ಮನೆಯ ಹಿಂದೆ ಎರಡು ಬೆಟ್ಟ, ಬೆಟ್ಟದ ನಡುವೆ ಸೂರ್ಯ. ಬೆಕ್ಕು ಬರೆಯಿರಿ ಎಂದರೆ ಮಕ್ಕಳು ಮನೆಯನ್ನೇ ಬರೆದು, ಬೆಕ್ಕು ಒಳಗಿದೆ ಅನ್ನುತ್ತಿದ್ದರು.

ಆದರೂ ಆ ಮಕ್ಕಳು ಏನನ್ನೂ ಕಲಿತಿರಲಿಲ್ಲ ಎಂದರೆ ಅನ್ಯಾಯವಾದೀತು. ಒಂದು ವಿದ್ಯೆಯನ್ನು ಅವರು ಪೂರ್ತಿಯಾಗಿ ಕಲಿತಿದ್ದರು. ಏಳಕ್ಕೆ ಐದು ಕೂಡಿದರೆ ಎಷ್ಟು ಎಂದು ಕೇಳಿದರೆ ಮಗು ಬೆರಳು ನೋಡುತ್ತಿರಲಿಲ್ಲ, ನನ್ನ ಹುಬ್ಬು ನೋಡುತ್ತಿತ್ತು. ಹತ್ತು ಅನ್ನುತ್ತಿತ್ತು. ಹುಬ್ಬು ಅಲುಗಲಿಲ್ಲ. ಹನ್ನೊಂದು. ಹುಬ್ಬು ತುಸು ಮೇಲೆ ಹೋಯಿತು. ಹನ್ನೆರಡು ಎಂದು ಹೇಳಿ ನಗುತ್ತಿತ್ತು. ಭಾಷೆ, ಗಣಿತ, ಪರಿಸರ, ಎಲ್ಲ ವಿಷಯಕ್ಕೂ ಅವರ ಬಳಿ ಇದೊಂದೇ ಉಪಾಯ. ದೊಡ್ಡವರ ಮುಖ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ನಾನು ಮೇಷ್ಟ್ರನ್ನು ಕೇಳಿದೆ. ಅವರು ಬೇಸರಪಡಲಿಲ್ಲ, ಕನಿಕರದಿಂದ ನೋಡಿದರು.

"ಮಕ್ಕಳ ಬರವಣಿಗೆ ಅಂದ್ರೆ ಕಾಗೆ ಕಾಲು ಗುಬ್ಬಿ ಕಾಲು, ಮಿಸ್. ಅದನ್ನ ಅಪ್ಪ ಅಮ್ಮಂಗೆ ತೋರ್ಸಕ್ಕಾಗುತ್ತಾ? ಪುಸ್ತಕ ನೀಟಾಗಿದ್ರೆ ಮಗು ತಾನಾಗೇ ನೀಟಾಗುತ್ತೆ."

ಹೆಡ್‌ಮಿಸ್ ಹತ್ತಿರ ಹೋದೆ. ಅವರಿಗೆ ನಿವೃತ್ತಿಗೆ ಆರು ವರ್ಷ ಉಳಿದಿತ್ತು, ಆ ಆರು ವರ್ಷವನ್ನು ಯಾರ ಗೋಜಿಗೂ ಹೋಗದೆ ಕಳೆಯುವ ಆಸೆ. ಮೇಷ್ಟ್ರಿಂದಾಗಿ ಶಾಲೆಗೆ ಹೆಸರು ಬಂದಿದೆ, ಪೋಷಕರು ಖುಷಿಯಾಗಿದ್ದಾರೆ, ನೀನು ಮೂರನೇ ತರಗತಿಯಲ್ಲಿ ಸ್ವಲ್ಪ ಹೆಚ್ಚು ಕಷ್ಟಪಡು ಎಂದರು. ಕಷ್ಟಪಟ್ಟೆ. ಪ್ರತಿ ವರ್ಷ ಮೊದಲ ನಾಲ್ಕು ತಿಂಗಳು ಎರಡನೇ ತರಗತಿಯ ಪಾಠವನ್ನು ಮೂರನೆಯದರಲ್ಲಿ ಮಾಡಿದೆ. ಮಕ್ಕಳ ಪುಸ್ತಕ ಕೊಳಕಾಯಿತು. ಎರಡನೆಯದರಲ್ಲಿ ಎಷ್ಟು ಚೆನ್ನಾಗಿ ಬರೆಯುತ್ತಿದ್ದ ಮಗು ಈ ಮಿಸ್ ಕೈಗೆ ಬಂದು ಹಾಳಾಯಿತು ಎಂದು ಪೋಷಕರು ನನ್ನೆದುರೇ ಹೇಳಿದರು. ನಮ್ಮತ್ತೆ ಕೂಡ, ಅಕ್ಕಪಕ್ಕದವರ ಮಾತು ಕೇಳಿಕೊಂಡು ಬಂದು, ಆ ಮೇಷ್ಟ್ರ ಹತ್ತಿರ ಸ್ವಲ್ಪ ಹೇಳಿಸಿಕೋಬಾರದೇ ಅಂದರು.

ಇಷ್ಟೂ ವರ್ಷದಲ್ಲಿ ನನ್ನ ಪರವಾಗಿ ಮಾತಾಡಿದ ತಾಯಿ ಒಬ್ಬಳೇ. ಬೀದಿಯ ತಿರುವಿನಲ್ಲಿ ಬೇಕರಿ ಇಟ್ಟುಕೊಂಡಿದ್ದ ಹೆಂಗಸು. ಅವಳ ಮಗಳು ಎರಡನೆಯದರಲ್ಲಿದ್ದಳು. ಒಂದು ಬೆಳಿಗ್ಗೆ, ತೋಳಿನ ಮೇಲೆ ಮೈದಾ ಹಿಟ್ಟು ಹಾಗೇ ಇರುವಾಗ, ಮಗಳ ನೋಟ್‌ಬುಕ್ ಹಿಡಿದು ಶಾಲೆಗೆ ಬಂದಳು. ನಾನು ವರಾಂಡದಲ್ಲಿದ್ದೆ. ಅವಳು ನೇರ ಮೇಷ್ಟ್ರ ಬಾಗಿಲಿಗೆ ಹೋದಳು.

"ಸಾರ್, ಇದು ನನ್ನ ಮಗಳು ಬರೆದಿದ್ದಲ್ಲ," ಎಂದಳು.

ಮೇಷ್ಟ್ರು ನಕ್ಕರು. ಅಷ್ಟು ಚೆನ್ನಾಗಿದೆಯಾ ಎಂದು ಕೇಳಿದರು.

"ಚೆನ್ನಾಗಿದೆ. ಆದ್ರೆ ಅವಳದ್ದಲ್ಲ. ಅವಳು ನಮ್ಮ ಬೇಕರಿ ಹಲಗೆ ಮೇಲೆ ದಿನಾ ಬನ್ನು ಬ್ರೆಡ್ಡು ಅಂತ ಬರೀತಾಳೆ. 'ಬ್ರೆ' ಬರೆಯೋವಾಗ ಒತ್ತು ದೂರ ಓಡಿಹೋಗಿರುತ್ತೆ. ಆ ಅಕ್ಷರ ನಂಗೆ ಗೊತ್ತು. ಅವಳದ್ದನ್ನ ಅವಳಿಗೇ ಬಿಡಿ ಸಾರ್."

ಮೇಷ್ಟ್ರ ಮುಖ ಸುಟ್ಟ ಬನ್ನಿನ ಹಾಗಾಯಿತು. ನೀಟಾಗಿದೆ ಎಂದು ದೂರು ತಂದವರನ್ನು ಅವರು ಕಂಡಿರಲಿಲ್ಲ. ಆ ವಾರವೆಲ್ಲ ಸ್ಟಾಫ್ ರೂಮಿನಲ್ಲಿ, ಹಿಟ್ಟು ಕಲಸುವವರಿಗೆ ಅಕ್ಷರದ ಬೆಲೆ ಏನು ಗೊತ್ತು ಎಂದು ಹೇಳಿಕೊಂಡು ತಿರುಗಿದರು. ಆ ಹುಡುಗಿಯನ್ನು ಕೊನೆಯ ಬೆಂಚಿಗೆ ಕಳಿಸಿ, ಅವಳ ಪುಸ್ತಕವನ್ನು ತಿದ್ದುವುದನ್ನು ನಿಲ್ಲಿಸಿದರು. ಶಿಕ್ಷೆ ಎಂದು ತಿಳಿದು ಮಾಡಿದ ಕೆಲಸದಿಂದ ಅವರ ಇಡೀ ತರಗತಿಯಲ್ಲಿ ಒಂದು ಮಗು ಬರೆಯುವುದನ್ನು ಕಲಿಯಿತು. ಅವರ ವೃತ್ತಿಯ ದೊಡ್ಡ ಸಾಧನೆ ಅದೇ, ಅದೂ ಅವರಿಗೆ ತಿಳಿಯದೆ ಆದದ್ದು.

ಅದೇ ವರ್ಷ ಇಲಾಖೆಯ ದೊಡ್ಡ ಅಧಿಕಾರಿ ಶಾಲೆ ನೋಡಲು ಬಂದರು. ಸಭ್ಯ ಮನುಷ್ಯ, ಸದಾ ಅವಸರದಲ್ಲಿರುವವರು. ಎರಡನೇ ತರಗತಿಯ ಬಾಗಿಲಲ್ಲಿ ನಿಂತು ಗೋಡೆಗಳನ್ನು ನೋಡಿ ಆಹಾ ಎಂದರು. ಗಿಡಕ್ಕೆ ಎಷ್ಟು ಭಾಗ ಎಂದು ಕೇಳಿದರು. ಮಕ್ಕಳು ಒಂದೇ ದನಿಯಲ್ಲಿ ಐದು ಎಂದು ಹೇಳಿ, ಬೇರು, ಕಾಂಡ, ಎಲೆ, ಹೂವು, ಹಣ್ಣು ಎಂದು ರಾಗವಾಗಿ ಒಪ್ಪಿಸಿದರು. ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತು, ಕ್ಯಾರೆಟ್ಟು ಅದರಲ್ಲಿ ಯಾವುದು ಸಾರ್ ಎಂದು ಕೇಳಿದಳು. ಅಧಿಕಾರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಗೊತ್ತಿರಲಿಲ್ಲವೋ. ಅಷ್ಟರಲ್ಲಿ ಅವರ ಕೈಯಲ್ಲಿ ನೋಟ್‌ಬುಕ್ಕುಗಳಿದ್ದವು. ಹಾಳೆ ತಿರುವುತ್ತಾ ಹೋದ ಹಾಗೆ ಅವರ ಕಣ್ಣು ಅಗಲವಾಯಿತು. ಏಳು ವರ್ಷದ ಮಕ್ಕಳು ಇಷ್ಟು ದುಂಡಗೆ ಬರೆಯಬಲ್ಲರೇ ಎಂದು ಹೆಡ್‌ಮಿಸ್ಸನ್ನು ಕೇಳಿದರು. ಎಲ್ಲ ಮೇಷ್ಟ್ರ ಶ್ರಮ ಎಂದರು ಹೆಡ್‌ಮಿಸ್. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿದರು. ಈ ಮಕ್ಕಳು ಮುಂದೆ ನಿಮ್ಮ ಹತ್ತಿರ ಬರುತ್ತಾರಲ್ಲ, ಹೇಗಿರುತ್ತಾರೆ ಎಂದು ಕೇಳಿದರು. ಬೇಕರಿಯವಳು ಹಿಟ್ಟಿನ ಕೈಯಲ್ಲಿ ಬಂದು ಹೇಳಿದ್ದನ್ನು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಹೆಡ್‌ಮಿಸ್ ನನ್ನನ್ನೇ ನೋಡುತ್ತಿದ್ದರು.

"ಚೆನ್ನಾಗಿರ್ತಾರೆ ಸಾರ್," ಎಂದೆ.

ಎರಡು ತಿಂಗಳಲ್ಲಿ ಆದೇಶ ಬಂತು. ದುಂಡಕ್ಷರದ ಮೇಷ್ಟ್ರನ್ನು ಶಿಕ್ಷಕರ ತರಬೇತಿ ಕೇಂದ್ರಕ್ಕೆ ತೆಗೆದುಕೊಂಡಿದ್ದರು. ಇನ್ನು ಮುಂದೆ ಅವರು ಮಕ್ಕಳಿಗೆ ಕಲಿಸಬೇಕಿಲ್ಲ, ಮಕ್ಕಳಿಗೆ ಕಲಿಸುವವರಿಗೆ ಕಲಿಸಬೇಕು. ಒಂದು ಕೋಣೆ ಸಾಲದೆಂದು ಇನ್ನೂರು ಕೋಣೆ ಕೊಟ್ಟ ಹಾಗಾಯಿತು. ಹೊರಡುವ ದಿನ ಅವರು ಚಾರ್ಟುಗಳನ್ನೆಲ್ಲ ಸುರುಳಿ ಸುತ್ತಿ ಆಟೋದಲ್ಲಿ ಹಾಕಿಕೊಂಡರು. ಬೀರುವಿನ ಬೀಗದ ಕೈಯನ್ನು ನನ್ನ ಕೈಗೆ ಕೊಡುವಾಗ, ಪಟ್ಟಿ ಪ್ರಕಾರ ಎಲ್ಲಾ ಸಾಮಾನೂ ಇದೆ, ಒಂದೂ ಉಪಯೋಗಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಹೊಸಬರು ಬರುವವರೆಗೆ ಎರಡನೇ ತರಗತಿಯನ್ನೂ ನಾನೇ ನೋಡಿಕೊಳ್ಳಬೇಕಾಯಿತು. ಬೀರು ತೆರೆದೆ. ಜೇಡಿಮಣ್ಣು ಕಲ್ಲಾಗಿತ್ತು. ಬೀಜಗಳನ್ನು ಹುಳು ತಿಂದು ಪುಡಿ ಮಾಡಿತ್ತು. ತಕ್ಕಡಿಯ ಒಂದು ತಟ್ಟೆ ತುಕ್ಕು ಹಿಡಿದು ಸವೆದು ಇನ್ನೊಂದಕ್ಕಿಂತ ಹಗುರವಾಗಿತ್ತು. ಅಡಿಪಟ್ಟಿಗಳು ಮಾತ್ರ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹೊಸ ಮದುಮಕ್ಕಳ ಹಾಗೆ ಮಲಗಿದ್ದವು. ಹಂಚಿದೆ. ಎಲ್ಲವನ್ನೂ ಅಳೆಯಿರಿ ಎಂದೆ. ಮಕ್ಕಳಿಗೆ ಮೊದಲು ಹೆದರಿಕೆ. ಬೇಕರಿಯವಳ ಮಗಳು ಎದ್ದು ಕಿಟಕಿಯ ಅಗಲ ಅಳೆದಳು, ಆಮೇಲೆ ನನ್ನ ಚಪ್ಪಲಿ ಅಳೆದಳು. ಅದಾದ ಮೇಲೆ ಎಲ್ಲರೂ ಅಳೆಯಲು ಮುಗಿಬಿದ್ದರು. ಆ ಮೂರು ತಿಂಗಳು ಆ ಕೋಣೆಯಿಂದ ಸದ್ದು ಬರುತ್ತಿತ್ತು. ಹೆಡ್‌ಮಿಸ್ ದಿನಕ್ಕೆರಡು ಸಲ ಬಂದು, ಇದೇನಿದು ಸಂತೆ ಎಂದು ಕೇಳಿ ಹೋಗುತ್ತಿದ್ದರು. ಮಕ್ಕಳು ನೀರು, ಮರಳು, ಮಣಿ ಎಲ್ಲವನ್ನೂ ಲೋಟದಲ್ಲಿ ಅಳೆದರು. ಬೇಕರಿಯವಳ ಮಗಳು ಉಳಿದವರಿಗೆ, ಲೋಟದ ಅಂಚಿಗೆ ಕಣ್ಣು ಸಮವಾಗಿಟ್ಟು ನೋಡಬೇಕು ಎಂದು ಹೇಳಿಕೊಟ್ಟಳು. ಅವಳಮ್ಮ ಹಿಟ್ಟು ಅಳೆಯುವಾಗ ಹಾಗೇ ನೋಡುತ್ತಿದ್ದಳಂತೆ.

ಆ ವೇಳೆಗೆ ತರಬೇತಿ ಕೇಂದ್ರದಿಂದ ಪತ್ರ ಬಂತು. ದುಂಡಕ್ಷರದ ಮೇಷ್ಟ್ರು ಇನ್ನೂರು ಜನ ಶಿಕ್ಷಕರ ಎದುರು ಮಾದರಿ ಪಾಠ ಮಾಡಲಿದ್ದಾರೆ, ವಿಷಯ ಅಳತೆ, ಅವರ ಹಳೆಯ ಶಾಲೆಯಿಂದ ಹನ್ನೆರಡು ಮಕ್ಕಳನ್ನು ಕಳಿಸಬೇಕು. ಮಕ್ಕಳನ್ನು ಆರಿಸಿದವಳು ನಾನು. ಅವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗುವಾಗ ನನ್ನ ಮನಸ್ಸಿನಲ್ಲಿ ಕೆಟ್ಟ ಸಂತೋಷ ಇತ್ತು. ನನ್ನ ಬಾಯಿಂದ ಬಾರದ ಮಾತು ಈ ಮಕ್ಕಳ ಬಾಯಿಂದ ಬರಲಿ ಎಂದುಕೊಂಡಿದ್ದೆ. ಏಳು ವರ್ಷದವರ ಹಿಂದೆ ಅಡಗಿ ಕೂತ ಧೈರ್ಯ ಅದು.

ಸಭಾಂಗಣದ ವೇದಿಕೆಯ ಮೇಲೆ ಹೊಸ ಚಾರ್ಟು ತೂಗುತ್ತಿತ್ತು. ಬಣ್ಣದಲ್ಲಿ ಒಂದು ಜಗ್ಗು, ಪಕ್ಕದಲ್ಲಿ ಐದು ಲೋಟ, ಕೆಳಗೆ ದುಂಡಗೆ 'ಒಂದು ಜಗ್ಗು ಸಮ ಐದು ಲೋಟ'. ಮೇಜಿನ ಮೇಲೆ ನೀರು ತುಂಬಿದ ನಿಜವಾದ ಜಗ್ಗು, ಲೋಟಗಳು. ಅವನ್ನು ಕೇಂದ್ರದ ಅಡುಗೆಮನೆಯಿಂದ ಯಾರೋ ತಂದಿಟ್ಟಿದ್ದರು. ಮೇಷ್ಟ್ರು ಅವನ್ನು ಮುಟ್ಟಿ ಕೂಡ ನೋಡಿರಲಿಲ್ಲ ಎಂಬುದು ಅವರು ಜಗ್ಗು ಹಿಡಿದ ರೀತಿಯಲ್ಲೇ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಆ ಅಧಿಕಾರಿ. ಇನ್ನೂರು ಶಿಕ್ಷಕರ ತೊಡೆಯ ಮೇಲೆ ಇನ್ನೂರು ಪುಸ್ತಕ.

ಈ ಜಗ್ಗಿನಲ್ಲಿ ಎಷ್ಟು ಲೋಟ ನೀರು ಹಿಡಿಯಬಹುದು, ಊಹಿಸಿ ಎಂದರು ಮೇಷ್ಟ್ರು. ನನ್ನ ಮಕ್ಕಳು ಜಗ್ಗು ನೋಡಿದರು, ಲೋಟ ನೋಡಿದರು, ಆರು ಎಂದರು, ಏಳು ಎಂದರು. ಮೇಷ್ಟ್ರು ನಕ್ಕು ತಲೆಯಾಡಿಸಿ ಸುರಿಯತೊಡಗಿದರು. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯದು ತುಂಬಿತು. ಅವರು ಜಗ್ಗನ್ನು ಮೇಜಿನ ಮೇಲಿಟ್ಟು, ಸಭೆಯ ಕಡೆ ತಿರುಗಿ, ಐದು ಎಂದರು.

ಬೇಕರಿಯವಳ ಮಗಳು ಮೇಜಿನ ಹತ್ತಿರ ಹೋಗಿ ಜಗ್ಗಿನೊಳಗೆ ಬಗ್ಗಿ ನೋಡಿದಳು.

"ಸಾರ್, ಇನ್ನೂ ನೀರಿದೆ."

"ಅದು ಉಳಿದ ನೀರು, ಮಗು. ಅದು ಲೆಕ್ಕಕ್ಕೆ ಬರಲ್ಲ."

"ಯಾಕೆ ಬರಲ್ಲ?"

ಮೇಷ್ಟ್ರು ಚಾರ್ಟಿನ ಕಡೆ ಕೋಲು ತೋರಿಸಿದರು. ಅಲ್ಲಿ ಐದಿದೆಯಲ್ಲ ಎಂದರು. ಹುಡುಗಿ ಎರಡೂ ಕೈಯಿಂದ ಜಗ್ಗು ಎತ್ತಿ, ಸುತ್ತ ಖಾಲಿ ಲೋಟಕ್ಕಾಗಿ ಹುಡುಕಿದಳು. ಇರಲಿಲ್ಲ. ತಂದಿಟ್ಟಿದ್ದದ್ದೇ ಐದು. ಮೇಷ್ಟ್ರು ಅವಳ ಕೈಯಿಂದ ಜಗ್ಗನ್ನು ಮೆಲ್ಲಗೆ ಬಿಡಿಸಿಕೊಂಡು, ಉಳಿದ ನೀರನ್ನು ಮೇಜಿನ ಕೆಳಗಿದ್ದ ಬಕೆಟ್ಟಿಗೆ ಸುರಿದುಬಿಟ್ಟರು. ಆ ಸದ್ದು ಕೊನೆಯ ಸಾಲಿನಲ್ಲಿ ಕೂತ ನನಗೂ ಕೇಳಿಸಿತು. ಒಂದೂವರೆ ಲೋಟಕ್ಕೆ ಕಡಿಮೆಯಿಲ್ಲದ ನೀರು.

"ಈಗ ಹೇಳಿ ಮಕ್ಕಳೇ, ಎಷ್ಟು?"

ಸಭೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅಷ್ಟೇ. ನನ್ನ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಮೇಷ್ಟ್ರ ಮುಖ ನೋಡಿದರು, ಅಧಿಕಾರಿಯ ಮುಖ ನೋಡಿದರು, ಐದು ಎಂದರು. ಮೂರು ತಿಂಗಳು ಅಳೆದ ಮಕ್ಕಳು. ಬೇಕರಿಯವಳ ಮಗಳು ಬಕೆಟ್ಟನ್ನೇ ನೋಡುತ್ತಾ ನಿಂತಳು. ಅಧಿಕಾರಿ ಎದ್ದು, ಮಗುವಿನ ಪ್ರಶ್ನೆಗೆ ಸಿಟ್ಟಾಗದೆ ಶಾಂತವಾಗಿ ಉತ್ತರಿಸುವುದು ಹೇಗೆ ಎಂಬುದನ್ನು ಮೇಷ್ಟ್ರಿಂದ ಎಲ್ಲರೂ ಕಲಿಯಬೇಕು ಎಂದರು. ಚಪ್ಪಾಳೆ ಬಿತ್ತು. ಇನ್ನೂರು ಜನ ತಲೆ ಬಗ್ಗಿಸಿ ಪುಸ್ತಕದಲ್ಲಿ ಬರೆದುಕೊಂಡರು: ಒಂದು ಜಗ್ಗು ಸಮ ಐದು ಲೋಟ. ಟಿಪ್ಪಣಿ ಪುಸ್ತಕವನ್ನು ಕೊನೆಯಲ್ಲಿ ಸಹಿಗೆ ಕೊಡಬೇಕಿತ್ತು. ಮಕ್ಕಳು ವೇದಿಕೆ ಇಳಿದು ನನ್ನ ಸುತ್ತ ಬಂದು ಕೂತ ಮೇಲೆ ನಾನೂ ಬರೆದೆ.

ವಾಪಸ್ ಬರುವಾಗ ವ್ಯಾನಿನಲ್ಲಿ ಆ ಹುಡುಗಿ ನನ್ನ ಪಕ್ಕ ಕೂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು.

"ಮಿಸ್, ಎಷ್ಟಾಗಿತ್ತು?"

"ಆರೂವರೆ," ಎಂದೆ.

"ನೀವು ಐದು ಅಂತ ಬರ್ಕೊಂಡ್ರಿ. ನಾನು ನೋಡ್ದೆ."

ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಮರುವರ್ಷ ಅವಳು ನನ್ನ ತರಗತಿಗೆ ಬಂದಳು. ಒತ್ತು ದೂರ ಓಡಿಹೋಗುವ ಅಕ್ಷರದಲ್ಲೇ ಬರೆಯುತ್ತಾ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾ ಒಂದು ವರ್ಷ ಕಳೆದಳು. ಆದರೆ ನನ್ನನ್ನು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ಅದನ್ನು ಅವಳಿಗೆ ಕಲಿಸಿದ್ದು ದುಂಡಕ್ಷರದ ಮೇಷ್ಟ್ರಲ್ಲ.

ಮೇಷ್ಟ್ರು ಕೇಂದ್ರದಲ್ಲಿ ಏಳು ವರ್ಷ ಇದ್ದು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಳೆಯ ಶಾಲೆಯ ಪರವಾಗಿ ಯಾರಾದರೂ ಮಾತಾಡಬೇಕೆಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ವೇದಿಕೆ ಹತ್ತಿ ಹತ್ತು ನಿಮಿಷ ಮಾತಾಡಿದೆ. ಅವರ ಶಿಸ್ತು, ಶ್ರಮ, ಶಾಲೆ ಬಿಟ್ಟ ಮೇಲೂ ಮಕ್ಕಳ ಪುಸ್ತಕದ ಮುಂದೆ ಕೂತಿರುತ್ತಿದ್ದ ನಿಷ್ಠೆ, ಸರ್ಕಾರದ ಸಾಮಾನನ್ನು ಕಾಪಾಡಿದ ಪ್ರಾಮಾಣಿಕತೆ, ಎಲ್ಲ ಹೇಳಿದೆ. ಕುಹಕ ಎಂದು ಯಾರಿಗಾದರೂ ಹೊಳೆಯಲಿ ಎಂದು ಅಲ್ಲಲ್ಲಿ ನಿಧಾನವಾಗಿ ಹೇಳಿದೆ ಕೂಡ. ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರ ಹೆಂಡತಿ ಅಳುತ್ತಿದ್ದರು. ಕೆಳಗಿಳಿದಾಗ ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇಷ್ಟು ವರ್ಷದಲ್ಲಿ ನನ್ನ ಕೆಲಸ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು ನೀವೊಬ್ರೇ ಮಿಸ್," ಎಂದರು.

ಹೌದು ಸಾರ್ ಎಂದು ಹೇಳಿ, ಬಂದು ನನ್ನ ಕುರ್ಚಿಯಲ್ಲಿ ಕೂತೆ. ಪಕ್ಕದವರು ಚೆನ್ನಾಗಿ ಮಾತಾಡಿದಿರಿ ಎಂದರು.